ಒಂದೇ ಪೆಟ್ಟಿಗೆ, ಹಲವು ಆಟ



ಮೊಬೈಲಿನಲ್ಲಿ ಒಂದು ಆಟ ಬೇಸರವಾದರೆ ನೀವು ಏನು ಮಾಡುತ್ತೀರಿ? ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತೀರಿ, ಅಲ್ಲವೇ? 1980ರ ದಶಕದ ವಿಡಿಯೋ ಗೇಮ್ ಯಂತ್ರದಲ್ಲಿ ಹೀಗೆ ಮಾಡಲು ಆಗುತ್ತಿರಲಿಲ್ಲ. ಶಾಲೆಯ ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ, ಅದರೊಳಗೆ ಒಂದು ಟಿ.ವಿ., ಎದುರಿಗೆ ಒಂದು ಹಿಡಿ, ಕೆಳಗೆ ನಾಣ್ಯ ಹಾಕುವ ಕಿಂಡಿ. ಇಷ್ಟು ದೊಡ್ಡ ಯಂತ್ರದಲ್ಲಿ ಇರುತ್ತಿದ್ದುದು ಒಂದೇ ಒಂದು ಆಟ! ಜನರಿಗೆ ಆ ಆಟ ಸಾಕಾಯಿತೆಂದರೆ ಯಂತ್ರ ಮೂಲೆ ಸೇರುತ್ತಿತ್ತು.

ಪೆಟ್ಟಿಗೆ ಹಾಗೆಯೇ ಇದ್ದು ಆಟ ಮಾತ್ರ ಬದಲಾಗುವುದು ಹೇಗೆ? ಬನ್ನಿ, ಯಂತ್ರದ ಹಿಂಬಾಗಿಲು ತೆರೆದು ನೋಡೋಣ.

ಉದಾಹರಣೆಗೆ 'ಪ್ಯಾಕ್-ಮ್ಯಾನ್' ಯಂತ್ರವನ್ನು ತೆಗೆದುಕೊಳ್ಳೋಣ. ಇದು 1980ರಲ್ಲಿ ಜಪಾನಿನ ನಾಮ್ಕೋ ಕಂಪನಿ ತಯಾರಿಸಿದ ಆಟ. ಹಳದಿ ಬಣ್ಣದ ಒಂದು ಗುಂಡು ಬಾಯಿ ಚುಕ್ಕಿಗಳನ್ನು ತಿನ್ನುತ್ತಾ ಓಡುತ್ತದೆ, ನಾಲ್ಕು ಭೂತಗಳು ಅದನ್ನು ಅಟ್ಟಿಸಿಕೊಂಡು ಬರುತ್ತವೆ. ಯಂತ್ರದ ಒಳಗೆ ಚಿಪ್‌ಗಳನ್ನು ಕೂರಿಸಿದ ಒಂದು ದೊಡ್ಡ ಹಲಗೆ ಇದೆ. ಇದನ್ನು ಬೋರ್ಡ್ ಎನ್ನುತ್ತಾರೆ. ಅದರಲ್ಲಿ 40 ಕಾಲುಗಳಿರುವ ಚಿಪ್ಪೇ ಝಡ್-80 ಎಂಬ ಪ್ರೊಸೆಸರ್. ಅದು ಯಂತ್ರದ ಮಿದುಳು. ಆದರೆ ಈ ಮಿದುಳಿಗೆ ಆಟ ಗೊತ್ತಿಲ್ಲ! ಆಟದ ಸೂಚನೆಗಳೆಲ್ಲ ಬೇರೆ ಚಿಪ್‌ಗಳಲ್ಲಿ ಬರೆದಿರುತ್ತವೆ. ಇವೇ ರಾಮ್‌ಗೆ ವಿರುದ್ಧವಾದ ರೋಮ್ ಚಿಪ್‌ಗಳು, ಅಂದರೆ ಓದಲು ಮಾತ್ರ ಬರುವ ಸ್ಮೃತಿ. ಕರೆಂಟು ಹೋದರೂ ಇವುಗಳಲ್ಲಿ ಬರೆದದ್ದು ಅಳಿಸುವುದಿಲ್ಲ. ಪ್ರೊಸೆಸರ್ ಒಂದೊಂದೇ ಸೂಚನೆಯನ್ನು ಓದಿ ಅದರಂತೆ ನಡೆಯುತ್ತದೆ.

ಹಾಗಾದರೆ ಓದುವ ಪುಸ್ತಕವನ್ನೇ ಬದಲಾಯಿಸಿದರೆ? ಆಟವೂ ಬದಲಾಗುತ್ತದೆ. ಇಡೀ ಗುಟ್ಟು ಇರುವುದು ಇಲ್ಲಿಯೇ.

ಇದನ್ನು ಚೆನ್ನಾಗಿ ಅರಿತವರು ಅಮೆರಿಕದ ಕೆಲವು ಕಾಲೇಜು ವಿದ್ಯಾರ್ಥಿಗಳು. 1981ರಲ್ಲಿ ಅವರು 'ಮಿಸೈಲ್ ಕಮಾಂಡ್' ಎಂಬ ಹಳೆಯ ಯಂತ್ರಕ್ಕೆ ಜೋಡಿಸುವ ಒಂದು ಪುಟ್ಟ ಬೋರ್ಡ್ ಮಾಡಿ ಮಾರಿದರು. ಆಟ ಹೊಸದಾಯಿತು. ಆದರೆ ಮೂಲ ಆಟ ಅಟಾರಿ ಕಂಪನಿಯದು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ ರಾಜಿಯಾಯಿತು; ಇನ್ನು ಮುಂದೆ ಮೂಲ ಕಂಪನಿಯ ಒಪ್ಪಿಗೆ ಇಲ್ಲದೆ ಇಂತಹ ಬೋರ್ಡ್ ಮಾರುವುದಿಲ್ಲ ಎಂದು ಅವರು ಒಪ್ಪಿಕೊಂಡರು. ಆಮೇಲೆ ಅವರು ಪ್ಯಾಕ್-ಮ್ಯಾನ್‌ಗೆ ಮಾಡಿದ್ದ ಬೋರ್ಡನ್ನು ಹಿಡಿದು ಅಮೆರಿಕದಲ್ಲಿ ಆ ಆಟವನ್ನು ಮಾರುತ್ತಿದ್ದ ಮಿಡ್‌ವೇ ಕಂಪನಿಯ ಬಾಗಿಲು ತಟ್ಟಿದರು. ಅದೇ 1982ರಲ್ಲಿ 'ಮಿಸ್ ಪ್ಯಾಕ್-ಮ್ಯಾನ್' ಎಂಬ ಹೆಸರಿನಲ್ಲಿ ಹೊರಬಂದು ಮೂಲ ಆಟದಷ್ಟೇ ಪ್ರಸಿದ್ಧವಾಯಿತು!

ಅವರ ಉಪಾಯ ಸರಳ. ಝಡ್-80 ಚಿಪ್ಪನ್ನು ಅದರ ಸಾಕೆಟ್ಟಿನಿಂದ ಮೆಲ್ಲಗೆ ಎಬ್ಬಿಸಿ ತಮ್ಮ ಪುಟ್ಟ ಬೋರ್ಡಿನ ಮೇಲೆ ಕೂರಿಸಿದರು. ಖಾಲಿಯಾದ ಸಾಕೆಟ್ಟಿಗೆ ಆ ಬೋರ್ಡಿನಿಂದ ಬಂದ ಪಟ್ಟಿಯಂತಹ ತಂತಿಯನ್ನು ಸಿಕ್ಕಿಸಿದರು. ಈಗ ಪ್ರೊಸೆಸರ್ ಏನು ಕೇಳಿದರೂ ಅದು ಮೊದಲು ಹೊಸ ಬೋರ್ಡಿನ ಮೂಲಕವೇ ಹೋಗಬೇಕು. ಬದಲಾಗಬೇಕಾದ ಕಡೆ ಅದು ತನ್ನ ಸೂಚನೆ ಕೊಡುತ್ತದೆ. ಉಳಿದ ಕಡೆ ಹಳೆಯ ಚಿಪ್‌ಗಳನ್ನೇ ಓದಲು ಬಿಡುತ್ತದೆ. ಹಲವು ಆಟಗಳ ಕಿಟ್‌ಗಳೂ ಮುಂದೆ ಇದೇ ಸಾಕೆಟ್ಟನ್ನು ಬಳಸಿಕೊಂಡವು.

ಹಲವು ಆಟಗಳು ಒಂದು ಚಿಪ್ಪಿನಲ್ಲಿ ಹಿಡಿಯುವುದು ಹೇಗೆ? ಸ್ವಲ್ಪ ಲೆಕ್ಕ ಮಾಡೋಣ. ಪ್ಯಾಕ್-ಮ್ಯಾನ್ ಸೂಚನೆಗಳಿಗೆ ಬೇಕಾದ ಜಾಗ 16,384 ಬೈಟ್. ಇಷ್ಟು ಜಾಗಗಳಲ್ಲಿ ಯಾವುದು ಬೇಕೆಂದು ಹೇಳಲು 14 ತಂತಿ ಸಾಕು. ಪ್ರತಿ ತಂತಿಯಲ್ಲಿ ವಿದ್ಯುತ್ ಇರುತ್ತದೆ ಅಥವಾ ಇರುವುದಿಲ್ಲ, ಹೀಗೆ ಎರಡು ಸ್ಥಿತಿ. ಎರಡನ್ನು 14 ಸಲ ಬರೆದು ಗುಣಿಸಿ ನೋಡಿ, 16,384 ಬರುತ್ತದೆ. ಈಗ ದೊಡ್ಡ ಚಿಪ್ ತಂದು ಇನ್ನೊಂದು ತಂತಿ ಸೇರಿಸಿದರೆ ಎರಡು ಆಟಕ್ಕೆ ಜಾಗವಾಯಿತು. ಎರಡು ತಂತಿ ಸೇರಿಸಿದರೆ ನಾಲ್ಕು, ನಾಲ್ಕು ಸೇರಿಸಿದರೆ 16. ಏಳು ತಂತಿಗೆ ಎಷ್ಟು? ನೀವೇ ಹೇಳಿ.

ಕೆರೆಬಿಳಚಿ ಸುತ್ತಮುತ್ತಲಿನ ಮಕ್ಕಳಿಗೆ ಇದು ಬೇಗ ಅರ್ಥವಾಗಬೇಕು. ನಮ್ಮ ಸೂಳೆಕೆರೆಯ ನೀರು ಒಂದೇ, ನಾಲೆಗಳು ಎರಡು: ಸಿದ್ದನಾಲೆ ಮತ್ತು ಬಸವನಾಲೆ. ಯಾವ ತೂಬು ತೆರೆಯುತ್ತೇವೋ ಆ ಕಡೆಯ ಗದ್ದೆಗೆ ನೀರು. ಹೆಚ್ಚುವರಿ ತಂತಿಗಳೂ ತೂಬುಗಳಂತೆಯೇ. ಪರದೆಯ ಪಟ್ಟಿಯಲ್ಲಿ ನೀವು ಆಟ ಆರಿಸಿದಾಗ ಆ ತಂತಿಗಳ ಸ್ಥಿತಿ ಬದಲಾಗಿ, ಚಿಪ್ಪಿನ ಆ ಭಾಗ ಮಾತ್ರ ಪ್ರೊಸೆಸರ್‌ಗೆ ಕಾಣುತ್ತದೆ. ಉಳಿದ ಆಟಗಳು ಅಲ್ಲೇ ಇದ್ದರೂ ಇಲ್ಲದಂತೆ!

ಆದರೆ ಕಿಟ್ ಎಲ್ಲವನ್ನೂ ಬದಲಿಸಲಾರದು. ಪ್ಯಾಕ್-ಮ್ಯಾನ್ ಯಂತ್ರದಲ್ಲಿ ಟಿ.ವಿ.ಯನ್ನು ಪಕ್ಕಕ್ಕೆ ಮಲಗಿಸಿ ಕೂರಿಸಿರುತ್ತಾರೆ, ಆದ್ದರಿಂದ ಚಿತ್ರ ಉದ್ದವಾಗಿರುತ್ತದೆ. ಹಿಡಿ ನಾಲ್ಕು ದಿಕ್ಕಿಗೆ ಮಾತ್ರ ತಿರುಗುತ್ತದೆ. 1991ರ 'ಸ್ಟ್ರೀಟ್ ಫೈಟರ್-2' ಆಟಕ್ಕೆ ಅಡ್ಡ ಪರದೆ ಮತ್ತು ಪ್ರತಿ ಆಟಗಾರನಿಗೆ ಆರು ಗುಂಡಿ ಬೇಕು. ಅದು ಇಲ್ಲಿ ಹೊಂದುವುದಿಲ್ಲ. ಮೊದಮೊದಲು ಒಂದೊಂದು ಯಂತ್ರದ ತಂತಿ ಜೋಡಣೆಯೂ ಬೇರೆ ಬೇರೆ ಇತ್ತು. 1985ರಲ್ಲಿ ಜಪಾನಿನ ತಯಾರಕರು 56 ಸಂಪರ್ಕಗಳ ಒಂದೇ ಬಗೆಯ ಜೋಡಣೆಯನ್ನು ಒಪ್ಪಿಕೊಂಡರು. ಅದರ ಹೆಸರು 'ಜಾಮಾ'. ಅಂದಿನಿಂದ ಬೋರ್ಡ್ ಬದಲಿಸುವುದು ಪ್ಲಗ್ ಬದಲಿಸಿದಷ್ಟು ಸುಲಭವಾಯಿತು.

ಕಿಟ್ ಕೂರಿಸುವ ಮೆಕ್ಯಾನಿಕ್ ಮೊದಲು ಪ್ಲಗ್ ಕೀಳುತ್ತಾನೆ. ಆದರೂ ಟಿ.ವಿ. ಕೊಳವೆಯ ಹತ್ತಿರ ಕೈ ಹಾಕುವುದಿಲ್ಲ. ಕರೆಂಟು ತೆಗೆದ ಮೇಲೂ ಆ ಕೊಳವೆಯಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಹಳೆಯ ಟಿ.ವಿ.ಯನ್ನು ನೀವು ಎಂದೂ ಬಿಚ್ಚಬೇಡಿ. ನಂತರ ಭೂಮಿಗೆ ಸಂಪರ್ಕವಿರುವ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳುತ್ತಾನೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದೇ ವಿದ್ಯುತ್ ಚಿಪ್ಪಿನ ಒಳಗನ್ನು ಸುಡಬಲ್ಲದು. ಚಿಪ್ಪಿನ ಒಂದು ತುದಿಯಲ್ಲಿ ಅರ್ಧಚಂದ್ರದಂತಹ ಕಚ್ಚು ಇದೆ. ಸಾಕೆಟ್ಟಿನ ಗುರುತಿಗೆ ಅದು ಹೊಂದಬೇಕು. ತಿರುಗುಮುರುಗಾದರೆ ಹೋಗಬಾರದ ಕಾಲಿಗೆ ವಿದ್ಯುತ್ ಹೋಗಿ ಚಿಪ್ ಹಾಳಾಗುತ್ತದೆ. ಕೊನೆಗೆ ಮೀಟರಿನಿಂದ ಅಳೆಯುತ್ತಾನೆ: 5 ವೋಲ್ಟ್ ಬರಬೇಕು. 4.75ಕ್ಕಿಂತ ಕಡಿಮೆಯಾದರೆ ಆಟ ತಡವರಿಸುತ್ತದೆ, 5.25 ದಾಟಿದರೆ ಚಿಪ್‌ಗಳಿಗೆ ಅಪಾಯ. ತೆಗೆದ ಹಳೆಯ ಚಿಪ್‌ಗಳನ್ನು ಜಾಣ ಮೆಕ್ಯಾನಿಕ್ ಎಸೆಯುವುದಿಲ್ಲ. ಇಂದು ಅವೇ ಅಪರೂಪದ ವಸ್ತುಗಳು.

ಇಲ್ಲೊಂದು ಪ್ರಶ್ನೆ ಹುಟ್ಟುತ್ತದೆ. ಒಳಗಿನ ಚಿಪ್ ಬದಲಾದದ್ದು ಹೊರಗಿನಿಂದ ಕಾಣುವುದೇ ಇಲ್ಲವಲ್ಲ! ಈ ಪ್ರಶ್ನೆ ನಮ್ಮ ರಾಜ್ಯದಲ್ಲೂ ಎದ್ದಿತ್ತು. ಬೆಂಗಳೂರಿನ ವಿಡಿಯೋ ಗೇಮ್ ಅಂಗಡಿಗಳು ಲೈಸೆನ್ಸ್ ಪಡೆಯಬೇಕೇ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದು ಕೈಚಳಕದ ಆಟವೋ, ಅದೃಷ್ಟದ ಜೂಜೋ ಎಂಬುದೇ ವಾದದ ತಿರುಳು. ಯಂತ್ರವನ್ನು ಒಳಗೊಳಗೇ ತಿದ್ದಿದರೆ ಎಷ್ಟು ಜಾಣ ಆಟಗಾರನೂ ಗೆಲ್ಲಲಾರ ಎಂಬ ವಿಷಯವೂ ಅಲ್ಲಿ ಬಂದಿತು. ಲೈಸೆನ್ಸ್ ಪಡೆಯಲೇಬೇಕು ಎಂದು ನ್ಯಾಯಾಲಯ 1995ರಲ್ಲಿ ತೀರ್ಪು ನೀಡಿತು.

ಅಂದಹಾಗೆ, ಏಳು ತಂತಿಯ ಲೆಕ್ಕ ಮಾಡಿದಿರಾ? ಉತ್ತರ 128.