ಅಣ್ಣನ ಮಜ್ಜೆಯೋ, ದಿನದ ಗುಳಿಗೆಯೋ?

ಒಂದು ಮನೆಯಲ್ಲಿ ಮೂವರು ಒಡಹುಟ್ಟಿದವರಿದ್ದಾರೆಂದು ಭಾವಿಸೋಣ. ಕಿರಿಯವನಿಗೆ ಕೆಲವು ತಿಂಗಳುಗಳಿಂದ ಆಯಾಸ, ಎಡಪಕ್ಕೆಯ ಕೆಳಗೆ ಭಾರ. ರಕ್ತವನ್ನು ಪರೀಕ್ಷಿಸಿದ ವೈದ್ಯರು ಇದು ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೀಮಿಯಾ, ಎಂದರೆ ರಕ್ತದ ಕ್ಯಾನ್ಸರುಗಳಲ್ಲಿ ಒಂದು ಬಗೆ, ಎನ್ನುತ್ತಾರೆ. ಹಿರಿಯವನು ಕೂಡಲೆ, "ನನ್ನ ಮಜ್ಜೆಯನ್ನೇ ತೆಗೆದುಕೊಳ್ಳಿ" ಎಂದು ಮುಂದೆ ಬರುತ್ತಾನೆ. ವೈದ್ಯರಾದರೋ ದಿನವೂ ನುಂಗಬೇಕಾದ ಗುಳಿಗೆಯನ್ನು ಬರೆದುಕೊಡುತ್ತಾರೆ. ಇಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಔಷಧವೇ? ಮನೆಯವರಿಗೆ ಈ ಶಂಕೆ ಬರುವುದು ಸಹಜ. ಅದಕ್ಕೆ ಉತ್ತರ ದೊರೆಯಬೇಕಾದರೆ ರೋಗದ ಮೂಲವನ್ನು ಅರಿಯಬೇಕು.

ರಕ್ತಕಣಗಳು ಹುಟ್ಟುವುದು ಮೂಳೆಗಳೊಳಗಿನ ಮಜ್ಜೆಯಲ್ಲಿ. ಈ ರೋಗದಲ್ಲಿ ಅವುಗಳ ಉತ್ಪತ್ತಿಯ ಹತೋಟಿ ತಪ್ಪಿ, ಬಿಳಿಯ ಕಣಗಳು ಮಿತಿಮೀರಿ ಹೆಚ್ಚುತ್ತವೆ. ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬವರು ಇಂತಹ ರೋಗಿಗಳ ಜೀವಕೋಶಗಳಲ್ಲಿ ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿರುವುದನ್ನು ಕಂಡರು. ೧೯೭೩ರಲ್ಲಿ ಷಿಕಾಗೋದ ಜ್ಯಾನೆಟ್ ರೌಲಿ ಅದರ ಕಾರಣವನ್ನು ತೋರಿಸಿದರು. ೯ನೆಯ ಮತ್ತು ೨೨ನೆಯ ವರ್ಣತಂತುಗಳು ಮುರಿದು, ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಬೆಸೆದ ಎಡೆಯಲ್ಲಿ ಬಿ.ಸಿ.ಆರ್.-ಎ.ಬಿ.ಎಲ್. ಎಂಬ ಹೊಸ ಜೀನ್ ಉಂಟಾಗುತ್ತದೆ. ಅದು ತಯಾರಿಸುವ ಕಿಣ್ವವು, ಒತ್ತಿದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡ ಸ್ವಿಚ್ಚಿನಂತೆ, ಕಣಗಳಿಗೆ "ಹೆಚ್ಚಿರಿ" ಎಂಬ ಆಜ್ಞೆಯನ್ನು ಎಡೆಬಿಡದೆ ಕೊಡುತ್ತಿರುತ್ತದೆ. ಈ ದೋಷ ತಂದೆತಾಯಿಗಳಿಂದ ಬಂದುದಲ್ಲ. ರೋಗಿಯ ಮಜ್ಜೆಯಲ್ಲಿಯೇ ಹುಟ್ಟಿದುದು. ಆದುದರಿಂದ ಉಳಿದ ಒಡಹುಟ್ಟಿದವರು ತಮಗೂ ಬಂದೀತೆಂದು ಅಂಜಬೇಕಾದುದಿಲ್ಲ.

ಈ ರೋಗವನ್ನು ಗುಣಪಡಿಸಲು ೧೯೯೦ರ ದಶಕದವರೆಗೆ ಬಹುಮಟ್ಟಿಗೆ ಇದ್ದ ಮಾರ್ಗ ಮಜ್ಜೆಯ ಕಸಿಯೊಂದೇ. ಈ ವಿಧಾನವನ್ನು ಬೆಳೆಸಿದ ಡೊನಾಲ್ ಥಾಮಸ್‌ರಿಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಸಿಗೆ ಕೊಡುವವನ ಮತ್ತು ಪಡೆಯುವವನ ಜೀವಕೋಶಗಳ ಗುರುತುಗಳು ಹೊಂದಬೇಕು. ಪ್ರತಿ ಮಗುವೂ ಈ ಗುರುತುಗಳ ಒಂದು ಕಟ್ಟನ್ನು ತಂದೆಯಿಂದ, ಇನ್ನೊಂದನ್ನು ತಾಯಿಯಿಂದ ಪಡೆಯುತ್ತದೆ. ತಂದೆಯ ಎರಡು, ತಾಯಿಯ ಎರಡು ಕಟ್ಟುಗಳಿಂದ ನಾಲ್ಕು ಜೋಡಣೆಗಳಾಗುವುದರಿಂದ, ಒಬ್ಬ ಸಹೋದರನು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಅವರಲ್ಲಿ ಒಬ್ಬರಾದರೂ ಹೊಂದುವ ಸಂಭವ ಹದಿನಾರರಲ್ಲಿ ಏಳು, ಎಂದರೆ ಶೇಕಡ ೪೪. ಹೊಂದದಿದ್ದರೆ ಅದು ಯಾರ ಕೊರತೆಯೂ ಅಲ್ಲ, ನಾಣ್ಯವನ್ನು ಚಿಮ್ಮಿದಂತಹ ಆಕಸ್ಮಿಕ.

ಹೊಂದಿದರೂ ಅಪಾಯ ತಪ್ಪುವುದಿಲ್ಲ. ಮೊದಲು ರೋಗಿಯ ಸ್ವಂತ ಮಜ್ಜೆಯನ್ನು ತೀವ್ರವಾದ ಔಷಧಗಳಿಂದ ನಾಶಮಾಡಬೇಕು. ಹೊಸ ಮಜ್ಜೆ ಬೇರೂರುವವರೆಗೆ ಸಾಮಾನ್ಯ ಸೋಂಕೂ ಪ್ರಾಣಾಂತಿಕವಾಗಬಹುದು. ಅಣ್ಣನ ಕಣಗಳು ತಮ್ಮನ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಬಗೆದು ಅವುಗಳ ಮೇಲೆ ಬೀಳುವುದೂ ಉಂಟು.

ಗುಳಿಗೆಯ ಕಥೆ ಬೇರೆ. ಬ್ರಯನ್ ಡ್ರೂಕರ್, ನಿಕೊಲಸ್ ಲೈಡನ್ ಮೊದಲಾದವರ ಶ್ರಮದಿಂದ ರೂಪುಗೊಂಡ ಇಮ್ಯಾಟಿನಿಬ್ ಎಂಬ ಔಷಧವನ್ನು ೧೯೯೮ರಲ್ಲಿ ರೋಗಿಗಳಿಗೆ ಕೊಟ್ಟು ನೋಡಲಾಯಿತು. ೨೦೦೧ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಆ ಕಿಣ್ವ ಕೆಲಸಮಾಡಲು ಶಕ್ತಿಯ ಅಣುವೊಂದು ಅದರ ಗುಳಿಯಲ್ಲಿ ಬಂದು ಕೂರಬೇಕು. ಇಮ್ಯಾಟಿನಿಬ್ ಆ ಗುಳಿಯನ್ನು ತಾನೇ ಆಕ್ರಮಿಸುತ್ತದೆ, ಬೀಗದ ಕಂಡಿಯಲ್ಲಿ ಬೇರೊಂದು ಕೀಲಿಕೈ ಸಿಕ್ಕಿಕೊಂಡಂತೆ. ಕಣ್ಣಿನ ಸುತ್ತ ಊತ, ಓಕರಿಕೆ, ಸ್ನಾಯುಗಳ ಸೆಳೆತ ಮುಂತಾದ ತೊಂದರೆಗಳುಂಟು. ಆದರೆ ೨೦೧೭ರಲ್ಲಿ ಪ್ರಕಟವಾದ ದೊಡ್ಡದೊಂದು ಪ್ರಯೋಗದ ಫಲಿತಾಂಶದಂತೆ, ಈ ಔಷಧದಿಂದ ಆರಂಭಿಸಿದವರಲ್ಲಿ ಶೇಕಡ ೮೩ ಮಂದಿ ಹತ್ತು ವರ್ಷಗಳ ಅನಂತರವೂ ಬದುಕಿದ್ದರೆಂದು ಅಂದಾಜಾಗಿದೆ. ರೋಗ ಆರಂಭದ ಹಂತದಲ್ಲಿರುವಾಗ ಗುಳಿಗೆಯನ್ನೇ ಮೊದಲು ಆರಿಸುವುದು ಈ ಕಾರಣದಿಂದ.

ಗುಳಿಗೆ ಕೆಲಸಮಾಡುತ್ತಿದೆಯೆಂದು ತಿಳಿಯುವುದು ಹೇಗೆ? ಊಹೆಯಿಂದಲ್ಲ, ಅಳತೆಯಿಂದ. ದೋಷದ ಜೀನಿನ ಕುರುಹು ರಕ್ತದಲ್ಲಿ ಎಷ್ಟಿದೆಯೆಂದು ಅಳೆಯುತ್ತಾರೆ. ಚಿಕಿತ್ಸೆಗೆ ಮೊದಲಿನ ನಿಗದಿಯಾದ ಪ್ರಮಾಣವನ್ನು ೧೦೦ ಎಂದಿಟ್ಟುಕೊಂಡರೆ, ಮೂರು ತಿಂಗಳಲ್ಲಿ ಅದು ೧೦ಕ್ಕೆ, ಆರು ತಿಂಗಳಲ್ಲಿ ೧ಕ್ಕೆ, ಹನ್ನೆರಡು ತಿಂಗಳಲ್ಲಿ ೦.೧ಕ್ಕೆ ಇಳಿಯಬೇಕು. ಮೆಟ್ಟಿಲು ಮೆಟ್ಟಿಲಿಗೂ ಹತ್ತನೆಯ ಒಂದು ಪಾಲು. ಲಾಗರಿತಮ್ ಪಾಠದ ಉಪಯೋಗ ಇಲ್ಲಿ ವಿದ್ಯಾರ್ಥಿಗಳಿಗೆ ಕಂಡೀತು. ಇಳಿಯದಿದ್ದರೆ ಗುಳಿಗೆ ತಪ್ಪಿದೆಯೇ, ಜೀನಿನಲ್ಲಿ ಹೊಸ ಮಾರ್ಪಾಡಾಗಿದೆಯೇ ಎಂದು ನೋಡಿ, ಡ್ಯಾಸಟಿನಿಬ್, ನಿಲೊಟಿನಿಬ್ ಮೊದಲಾದ ಬೇರೆ ಔಷಧಗಳಿಗೆ ಬದಲಾಯಿಸುತ್ತಾರೆ. ಅವೂ ಸೋತರೆ, ಅಥವಾ ರೋಗ ಉಗ್ರ ಹಂತಕ್ಕೇರಿದರೆ, ಆಗ ಕಸಿಯ ಅಪಾಯವನ್ನು ಎದುರಿಸುವುದು ಯುಕ್ತವಾಗುತ್ತದೆ.

ಇಮ್ಯಾಟಿನಿಬ್ಬಿನ ಪೇಟೆಂಟಿನ ಕೋರಿಕೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ೨೦೧೩ರಲ್ಲಿ ತಳ್ಳಿಹಾಕಿತು. ಆದುದರಿಂದ ಭಾರತದ ಕಂಪೆನಿಗಳು ತಯಾರಿಸುವ ಅಗ್ಗದ ಗುಳಿಗೆ ಇಲ್ಲಿ ದೊರೆಯುತ್ತದೆ. ಆದರೆ ದೊರೆತರಷ್ಟೇ ಸಾಲದು. ಲಂಡನ್ನಿನಲ್ಲಿ ೮೭ ರೋಗಿಗಳನ್ನು ಪರಿಶೀಲಿಸಿ ೨೦೧೦ರಲ್ಲಿ ಪ್ರಕಟಿಸಿದ ವರದಿಯಂತೆ, ಹತ್ತರಲ್ಲಿ ಒಂದು ಗುಳಿಗೆಯನ್ನೋ ಅದಕ್ಕಿಂತ ಹೆಚ್ಚನ್ನೋ ಬಿಟ್ಟವರಲ್ಲಿ ೦.೧ರ ಮೆಟ್ಟಿಲನ್ನು ಮುಟ್ಟಿದವರು ಬಹಳ ಕಡಮೆ. ಮೈ ಹಗುರವಾದೊಡನೆ ಔಷಧವನ್ನು ಮರೆಯುವುದು ಮನುಷ್ಯಸ್ವಭಾವ.

ಹೀಗಿರಲು ಅಣ್ಣನು ಏನು ಮಾಡಬಹುದು? ಅವನ ಮಜ್ಜೆ ಎಂದಾದರೂ ಬೇಕಾದೀತು, ಅಥವಾ ಎಂದೂ ಬೇಕಾಗದೆ ಹೋದೀತು. ಸದ್ಯಕ್ಕೆ ತಮ್ಮನು ದಿನದಿನದ ಗುಳಿಗೆಯನ್ನು ತಪ್ಪದೆ ನುಂಗುವಂತೆ ನೋಡಿಕೊಳ್ಳಲಿ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಜೊತೆಯಲ್ಲಿ ಹೋಗಿ, ಬಂದ ಅಂಕಿಯನ್ನು ಬರೆದಿಡಲಿ. ಮುಂದಿನ ಹೆಜ್ಜೆಯನ್ನು ವೈದ್ಯರು ನಿರ್ಣಯಿಸುವುದು ಆ ಅಂಕಿಯನ್ನು ನೋಡಿಯೇ.