ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ಕೊಳ್ಳುವಿರಾ? ಬಣ್ಣ ನೋಡಬೇಡಿ, ಬಡಿದು ನೋಡಿ

"ಅಂಗಡಿ ಹಾಕಿದ್ರೆ ಪೈಪೋಟಿ, ರಿಕ್ಷಾ ತೆಗೊಂಡ್ರೆ ಸಾಲ. ನಾಲ್ಕು ಜನ ಸೇರಿ ಒಂದು ದೋಣಿ ಮಾಡಿದ್ರೆ ಹೇಗೆ?" ಗಲ್ಫ್ ಬಿಟ್ಟು ಊರಿಗೆ ಮರಳಿದ ನಮ್ಮ ಕೆಲವು ಹುಡುಗರು ಹೀಗೆ ಕೇಳುವುದುಂಟು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯವರಿಗೆ ಇದು ಹೊಸ ಯೋಚನೆಯೇನೂ ಅಲ್ಲ. ಆದರೆ ಹೊಸ ದೋಣಿ, ಹೊಸ ಎಂಜಿನ್, ಬಲೆ ಎಲ್ಲ ಸೇರಿಸಿದರೆ ಲೆಕ್ಕ ಕೈಗೆ ಎಟುಕುವುದಿಲ್ಲ. ಆಗ ಕಣ್ಣು ಹೋಗುವುದು ಹಳೆ ದೋಣಿಯ ಕಡೆಗೆ.

ಹಳೆ ದೋಣಿ ಕೊಳ್ಳುವುದು ತಪ್ಪಲ್ಲ. ಚೆನ್ನಾಗಿ ಕಟ್ಟಿದ ಫೈಬರ್ ದೋಣಿ ಬಹಳ ವರ್ಷ ಬಾಳುತ್ತದೆ. ಆದರೆ ಅದನ್ನು ಹಳೆ ಕಾರು ಕೊಂಡ ಹಾಗೆ ಕೊಳ್ಳಬಾರದು. ಕಾರು ದಾರಿಯಲ್ಲಿ ಕೆಟ್ಟರೆ ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಬಹುದು. ಅಳಿವೆ ದಾಟುವಾಗ ಎಂಜಿನ್ ಬಂದ್ ಬಿದ್ದರೆ ತೆರೆ ದೋಣಿಯನ್ನು ಅಡ್ಡ ತಿರುಗಿಸುತ್ತದೆ, ಮುಂದಿನ ತೆರೆ ಮಗುಚಿ ಹಾಕಬಹುದು. ಹೋಗುವುದು ಬರೀ ದುಡ್ಡಲ್ಲ. ಹಾಗಾಗಿ ನೋಡಬೇಕಾದ ಮೂರು ವಿಷಯಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ: ಮೈ, ಎಂಜಿನ್, ಕಾಗದ.

ದೋಣಿಯ ಮೈ

ಫೈಬರ್ ಅಂದರೆ ಗಾಜಿನ ನೂಲಿನ ಹಾಸಿಗೆಯನ್ನು ರಾಳದಲ್ಲಿ ನೆನೆಸಿ, ಒಂದರ ಮೇಲೊಂದು ಅಂಟಿಸಿ ಗಟ್ಟಿ ಮಾಡಿದ ಗೋಡೆ. ಅದರ ಹೊರಗೆ ಜೆಲ್‌ಕೋಟ್ ಎಂಬ ನುಣುಪು ಪದರ ಇರುತ್ತದೆ. ವರ್ಷಗಟ್ಟಲೆ ನೀರಲ್ಲಿ ನಿಂತ ದೋಣಿಗೆ ಈ ಪದರದ ಮೂಲಕವೂ ನಿಧಾನವಾಗಿ ನೀರು ಇಳಿಯುತ್ತದೆ. ಒಳಗಿನ ರಾಳದ ಜತೆ ಸೇರಿ ಹುಳಿ ದ್ರವವಾಗುತ್ತದೆ, ಹೊರಗೆ ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಚುಚ್ಚಿದರೆ ವಿನೆಗರ್ ವಾಸನೆ ಬರುತ್ತದೆ. ನಾಲ್ಕಾರು ಗುಳ್ಳೆಗಳಿದ್ದರೆ ಕೆರೆದು, ಒಣಗಿಸಿ, ತುಂಬಿ ಸರಿ ಮಾಡಿಸಬಹುದು. ತಳ ಪೂರ್ತಿ ಗುಳ್ಳೆಯಾದರೆ ಆ ದೋಣಿ ಬಿಟ್ಟುಬಿಡಿ.

ಮಾರುವವರು ಹೊಸ ಬಣ್ಣ ಬಳಿಸಿಯೇ ತೋರಿಸುತ್ತಾರೆ. ಬಣ್ಣದ ಅಡಿಯಲ್ಲಿ ಏನಿದೆ ಎಂದು ತಿಳಿಯಲು ಸಣ್ಣ ಸುತ್ತಿಗೆ ಸಾಕು, ಇಲ್ಲದಿದ್ದರೆ ಒಂದು ನಾಣ್ಯ. ಒಂದು ಬದಿಯಿಂದ ಶುರು ಮಾಡಿ ಗೇಣು ಗೇಣಿಗೆ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ 'ಟಣ್' ಎಂದು ಚುರುಕಾಗಿ ಕೇಳುತ್ತದೆ. ಪದರ ಬಿಟ್ಟಲ್ಲಿ, ನೀರು ಕುಡಿದಲ್ಲಿ 'ಡಬ್' ಎಂದು ಮಂದವಾಗಿ ಕೇಳುತ್ತದೆ. ಅಂಥ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಹೊತ್ತಲ್ಲಿ ಬದಿಯಿಂದ ಕಣ್ಣು ಹಾಯಿಸಿ. ಹಳೆ ಒಡಕಿಗೆ ತೇಪೆ ಹಾಕಿದ್ದರೆ ಮೈ ಏರುತಗ್ಗಾಗಿ ಕಾಣುತ್ತದೆ.

ನಮ್ಮ ಕಡೆ ಸಣ್ಣ ದೋಣಿಗಳನ್ನು ಮರಳಿನ ಮೇಲೆ ಎಳೆದು ಹಾಕುವುದರಿಂದ ತಳದ ನಡು ಏಣು ಸವೆಯುತ್ತದೆ. ಅಲ್ಲಿ ಗಾಜಿನ ನೂಲು ಹೊರಗೆ ಕಾಣುತ್ತಿದ್ದರೆ ನೀರು ಒಳಗೆ ಇಳಿಯುತ್ತಿದೆ ಎಂದೇ ಲೆಕ್ಕ.

ಎಲ್ಲಕ್ಕಿಂತ ಮುಖ್ಯ, ಎಂಜಿನ್ ಕಟ್ಟುವ ಹಿಂಬದಿ ಹಲಗೆ. ಹೊರಗೆ ಫೈಬರ್ ಕಂಡರೂ ಅದರ ಹೊಟ್ಟೆಯಲ್ಲಿ ಪ್ಲೈವುಡ್ ಇರುವುದೇ ಹೆಚ್ಚು. ಬೋಲ್ಟಿನ ತೂತಿನಿಂದ ನೀರು ಹೋಗಿ ಅದು ಕೊಳೆಯುತ್ತದೆ. ಎಂಜಿನ್ನಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸುತ್ತಾ ಹಲಗೆಯನ್ನೇ ನೋಡಿ. ಹಲಗೆ ಬಾಗಿದರೆ, ಬೋಲ್ಟಿನ ಸುತ್ತ ಜೇಡರ ಬಲೆಯ ಹಾಗೆ ಬಿರುಕು ಇದ್ದರೆ, ಕಂದು ನೀರು ಜಿನುಗಿದ ಕಲೆ ಇದ್ದರೆ ಒಳಗೆ ಹಲಗೆ ಹೋಗಿದೆ. ಅದನ್ನು ಬದಲಿಸುವುದು ದೊಡ್ಡ ಕೆಲಸ.

ಎಂಜಿನ್

ಹಳೆ ದೋಣಿಯ ಬೆಲೆಯಲ್ಲಿ ದೊಡ್ಡ ಪಾಲು ಎಂಜಿನ್ನಿನದು. ನೀವು ಹೋಗುವ ಮುಂಚೆ ಅದನ್ನು ಸ್ಟಾರ್ಟ್ ಮಾಡಬಾರದು ಎಂದು ಮೊದಲೇ ಹೇಳಿ. ಹೋದ ಕೂಡಲೇ ಕೈಯಿಟ್ಟು ನೋಡಿ. ಬಿಸಿ ಇದ್ದರೆ ಕೇಳಿ, ಯಾಕೆ ಎಂದು. ತಣ್ಣಗಿರುವಾಗ ಸ್ಟಾರ್ಟ್ ಆಗಲು ತಕರಾರು ಮಾಡುವ ಎಂಜಿನ್ ಬಿಸಿಯಾದ ಮೇಲೆ ಒಳ್ಳೆ ಹುಡುಗನ ಹಾಗೆ ಇರುತ್ತದೆ.

ಔಟ್‌ಬೋರ್ಡ್ ಎಂಜಿನ್ ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರು ಜೋರಾಗಿ ಚಿಮ್ಮಬೇಕು. ಸಣಕಲಾಗಿ ಬಂದರೆ ತಂಪು ಮಾಡುವ ದಾರಿಯಲ್ಲಿ ಉಪ್ಪು ಕಟ್ಟಿರಬಹುದು, ಪಂಪು ಸವೆದಿರಬಹುದು. ಕೆಳಗಿನ ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ ಅಳೆಯುವ ಗೇಜ್ ಇರುತ್ತದೆ. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಳಗೆ ಕೂರಿಸಿದ ಡೀಸೆಲ್ ಎಂಜಿನ್ ಆದರೆ ಹೊಗೆ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ನಿಲ್ಲದಿದ್ದರೆ ಭಾರ ಹೆಚ್ಚಾಗಿದೆ ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ.

ಮೆಕ್ಯಾನಿಕ್ ನೀವೇ ಕರೆದುಕೊಂಡು ಹೋದವರಾಗಿರಲಿ. ದಲ್ಲಾಳಿ ತೋರಿಸಿದ ಮೆಕ್ಯಾನಿಕ್ ಬೇಡ. ಅವರಿಗೆ ಕೊಡುವ ಸಂಬಳ ಉಳಿಸಲು ಹೋಗಿ ಲಕ್ಷ ಕಳಕೊಳ್ಳಬೇಡಿ ಮಾರಾಯ್ರೆ.

ಕಡಲಿಗೆ ಇಳಿಸದೆ ಪೂರ್ತಿ ದುಡ್ಡು ಕೊಡಬೇಡಿ

ಜೂನ್, ಜುಲೈಯಲ್ಲಿ ತುಂಬಾ ದೋಣಿಗಳು ದಡದಲ್ಲಿರುತ್ತವೆ. ಮೈ, ತಳ ನೋಡಲು ಇದೇ ಒಳ್ಳೆ ಕಾಲ. ಆದರೆ ಮಳೆಗಾಲದ ಕಡಲಲ್ಲಿ ಓಡಿಸಿ ನೋಡುವ ಸಾಹಸ ಬೇಡ. ಇಷ್ಟವಾದರೆ ಸಣ್ಣ ಮುಂಗಡ ಕೊಟ್ಟು, 'ಓಡಿಸಿ ನೋಡಿದ ಮೇಲೆ ಬಾಕಿ, ಸರಿ ಇಲ್ಲದಿದ್ದರೆ ಮುಂಗಡ ವಾಪಸ್' ಎಂದು ಬರೆಸಿಕೊಳ್ಳಿ.

ಕಡಲು ಶಾಂತವಾದ ಮೇಲೆ ಅನುಭವ ಇರುವ ತಾಂಡೇಲರೊಬ್ಬರನ್ನು ಕೂರಿಸಿ, ಲೈಫ್ ಜಾಕೆಟ್ ಹಾಕಿ, ಕನಿಷ್ಠ ಒಂದು ಗಂಟೆ ಓಡಿಸಿ. ಖಾಲಿ ದೋಣಿ ಹೇಗೂ ಓಡುತ್ತದೆ. ಬಲೆ, ಜನರ ಭಾರ ಹಾಕಿ ನೋಡಿ. ವಾಪಸ್ ಬಂದ ಮೇಲೆ ತಳದಲ್ಲಿ ಎಷ್ಟು ನೀರು ನಿಂತಿದೆ ನೋಡಿ. ಹೊರಡುವಾಗ ಒಣಗಿದ್ದ ತಳದಲ್ಲಿ ನೀರಿದ್ದರೆ ಅದು ಎಲ್ಲಿಂದ ಬಂತು ಎಂದು ಗೊತ್ತಾಗುವ ತನಕ ಮಾತು ಮುಂದುವರಿಸಬೇಡಿ.

ಕಾಗದ: ಗಡಿಯವರಿಗೆ ಇದೇ ಕಷ್ಟ

ನಾವು ಗಡಿಯಲ್ಲಿದ್ದೇವೆ. ಉಳ್ಳಾಲ, ಬೆಂಗರೆ, ಮಲ್ಪೆಯಲ್ಲಿ ದೋಣಿ ಕಡಿಮೆಗೆ ಸಿಕ್ಕಿತು ಎಂದು ತಂದು ಮಂಜೇಶ್ವರದಲ್ಲಿ ಇಳಿಸುವ ಆಸೆ ಸಹಜ. ಆದರೆ ಕರೆಯಿಂದ 12 ನಾಟಿಕಲ್ ಮೈಲಿನವರೆಗೆ ಮೀನುಗಾರಿಕೆ ಆಯಾ ರಾಜ್ಯದ ಕೈಯಲ್ಲಿದೆ. ಕೇರಳಕ್ಕೆ 1980ರ ಕಾನೂನು, ಕರ್ನಾಟಕಕ್ಕೆ 1986ರ ಕಾನೂನು. ದೋಣಿಯ ನೋಂದಣಿ ಸಂಖ್ಯೆಯಲ್ಲೇ ಕೆಎಲ್ ಅಥವಾ ಕೆಎ ಎಂದು ರಾಜ್ಯದ ಗುರುತು ಇರುತ್ತದೆ. ಕರ್ನಾಟಕದ ಲೈಸೆನ್ಸ್ ಹಿಡಿದು ಕೇರಳದ ನೀರಲ್ಲಿ ಬಲೆ ಹಾಕಿದರೆ ದಂಡ ಬೀಳುತ್ತದೆ. ರಜೆಯ ದಿನಗಳೂ ಒಂದೇ ಅಲ್ಲ: ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ.

ಆದ್ದರಿಂದ ದುಡ್ಡು ಕೊಡುವ ಮೊದಲು ಎರಡೂ ಕಡೆಯ ಮೀನುಗಾರಿಕಾ ಇಲಾಖೆಯ ಕಚೇರಿಗೆ ಹೋಗಿ ಕೇಳಿ: ಈ ದೋಣಿಯ ನೋಂದಣಿ ವರ್ಗಾವಣೆ ಆಗುತ್ತದಾ, ಬಾಕಿ ದಂಡ ಏನಾದರೂ ಇದೆಯಾ? ನೋಂದಣಿ ಪತ್ರ, ಲೈಸೆನ್ಸಿನ ಅವಧಿ, ವಿಮೆ ನೋಡಿ. ಎಂಜಿನ್ನಿನ ಮೇಲೆ ಕೆತ್ತಿದ ಸಂಖ್ಯೆಯೂ ಬಿಲ್ಲಿನಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು. ಸಂಖ್ಯೆ ಉಜ್ಜಿ ಹಾಕಿದ್ದರೆ ಅಲ್ಲಿಂದ ಎದ್ದು ಬನ್ನಿ. ಬ್ಯಾಂಕ್ ಅಥವಾ ಸೊಸೈಟಿಯ ಸಾಲ ಇದ್ದರೆ ಅವರ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಇಲ್ಲದಿದ್ದರೆ ಇನ್ನೊಬ್ಬರ ಸಾಲ ನಿಮ್ಮ ದಡಕ್ಕೆ ಬರುತ್ತದೆ.

ಪಾಲುದಾರರು ಕೂತು ಬರೆಯಬೇಕಾದದ್ದು

ಕೈಯಲ್ಲಿರುವ ದುಡ್ಡೆಲ್ಲ ಬೆಲೆಗೇ ಸುರಿಯಬೇಡಿ. ಕಾಲು ಭಾಗವನ್ನಾದರೂ ರಿಪೇರಿಗೆ, ಬಲೆಗೆ, ಲೈಫ್ ಜಾಕೆಟ್‌ಗೆ ತೆಗೆದಿಡಿ. ದೋಣಿ ಯಾರ ಹೆಸರಲ್ಲಿ? ಎಂಜಿನ್ ಕೆಟ್ಟರೆ ಖರ್ಚು ಹೇಗೆ ಹಂಚುವುದು? ಒಬ್ಬ ಪುನಃ ಗಲ್ಫ್‌ಗೆ ಹೋದರೆ ಅವನ ಪಾಲು ಏನಾಗಬೇಕು? "ನಾವು ನಾವೇ ಅಲ್ವಾ, ಬರೆಯುವುದು ಯಾಕೆ" ಎನ್ನಬೇಡಿ. ನಾವು ನಾವೇ ಆಗಿ ಉಳಿಯಬೇಕಾದರೆ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟು ನೋಡಲು ಒಂದೆರಡು ವಾರ ಬೇಕು. "ಇವತ್ತೇ ಕೊಡದಿದ್ದರೆ ಬೇರೆ ಪಾರ್ಟಿಗೆ ಹೋಗುತ್ತದೆ" ಎಂದು ಯಾರಾದರೂ ಅವಸರ ಮಾಡಿದರೆ ಹೋಗಲಿ ಬಿಡಿ. ದಕ್ಕೆಯಲ್ಲಿ ಇನ್ನೊಂದು ದೋಣಿ ಸಿಗುತ್ತದೆ.