ಗೋಡೆಯ ಮೇಲಿನ ಪುಟ್ಟ ಬೇಟೆಗಾರ

ಮಕ್ಕಳೇ, ಹಬ್ಬ ಹತ್ತಿರ ಬಂತೆಂದರೆ ಮನೆ, ಶಾಲೆಗಳಲ್ಲಿ ಕಸಬರಿಗೆ ಹಿಡಿದು ಜೇಡರ ಬಲೆ ತೆಗೆಯುತ್ತೇವೆ. ಆಗ ಗೋಡೆಯ ಮೇಲೆ ಓಡಾಡುವ ಒಂದು ಪುಟ್ಟ ಜೇಡಕ್ಕೂ ಏಟು ಬೀಳುತ್ತದೆ. ಪಾಪ, ಬಲೆ ಕಟ್ಟಿದ್ದು ಅದಲ್ಲ! ಅದು ಬಲೆ ಹಾಕದೆ, ಬೆಕ್ಕಿನಂತೆ ಹೊಂಚುಹಾಕಿ ನೊಣ, ಸೊಳ್ಳೆಗಳ ಮೇಲೆ ಜಿಗಿಯುತ್ತದೆ. ಆದ್ದರಿಂದ ಅದಕ್ಕೆ ‘ಜಿಗಿಯುವ ಜೇಡ’ ಎಂದು ಹೆಸರು. ಹಾವೇರಿ ಜಿಲ್ಲೆಯ ಚಿಕ್ಕೇರೂರಿನಂಥ ಊರುಗಳ ಗೋಡೆಗಳ ಮೇಲೂ ಇಂಥ ಜೇಡಗಳನ್ನು ನೋಡಬಹುದು.

ಮೈಕಟ್ಟು ಹೇಗಿದೆ?

ಜೇಡವು ಕೀಟವಲ್ಲ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಕೀಟದ ದೇಹದಲ್ಲಿ ಮೂರು ಭಾಗ. ಜೇಡದಲ್ಲಿ ಎರಡೇ: ತಲೆ ಮತ್ತು ಎದೆ ಕೂಡಿದ ಶಿರೋವಕ್ಷ, ಅದರ ಹಿಂದೆ ಉದರ. ಜಿಗಿಯುವ ಜೇಡಕ್ಕೆ ಎಂಟು ಕಣ್ಣುಗಳಿವೆ. ನಾಲ್ಕು ಮುಖದ ಮುಂದೆ, ಉಳಿದ ನಾಲ್ಕು ತಲೆಯ ಮೇಲೆ. ಮುಂದಿನ ನಡುವಿನ ಎರಡು ಕಣ್ಣುಗಳು ಎಲ್ಲಕ್ಕಿಂತ ದೊಡ್ಡವು. ನೀವು ಬೆರಳು ಆಡಿಸಿದರೆ ಅದು ತಿರುಗಿ ನಿಮ್ಮನ್ನೇ ನೋಡುತ್ತದೆ!

ಜಿಗಿಯುವ ಮೊದಲು ಅದು ಒಂದು ರೇಷ್ಮೆ ಎಳೆಯನ್ನು ಗೋಡೆಗೆ ಅಂಟಿಸುತ್ತದೆ. ಗುರಿ ತಪ್ಪಿದರೂ ಆ ಎಳೆಯಿಂದ ತೂಗಾಡುತ್ತ ಉಳಿಯುತ್ತದೆ. ದೇಹದ ದ್ರವವನ್ನು ರಭಸದಿಂದ ಕಾಲುಗಳಿಗೆ ಒತ್ತಿದಾಗ ಮಡಿಸಿದ ಕಾಲು ಚಾಚಿಕೊಳ್ಳುತ್ತದೆ. ಜಿಗಿತದ ಗುಟ್ಟು ಇದೇ.

ಹೆಸರು ಇಡುವುದು ಹೇಗೆ?

ಗೋಡೆಯ ಮೇಲೆ ಕಾಣುವ ಇಂಥ ಒಂದು ಜೇಡದ ವೈಜ್ಞಾನಿಕ ಹೆಸರು ಪ್ಲೆಕ್ಸಿಪ್ಪಸ್ ಪೈಕುಲಿ. ಇದರ ಉದ್ದ ಸುಮಾರು 1 ಸೆಂಟಿಮೀಟರ್. ಗಂಡು ಕಪ್ಪಾಗಿದ್ದು ಮೈಮೇಲೆ ಬಿಳಿ ಪಟ್ಟೆಗಳಿವೆ. ಹೆಣ್ಣು ಕಂದು ಬಣ್ಣದ್ದು. ಇದರ ವಿಳಾಸ ಹೀಗಿದೆ:

ವಂಶ: ಸಂಧಿಪದಿಗಳು
ವರ್ಗ: ಅರಾಕ್ನಿಡಾ
ಗಣ: ಅರೇನಿಯೇ
ಕುಟುಂಬ: ಸಾಲ್ಟಿಸಿಡೇ
ಜಾತಿ: ಪ್ಲೆಕ್ಸಿಪ್ಪಸ್
ಪ್ರಭೇದ: ಪೈಕುಲಿ

ಸಾಲ್ಟಿಸಿಡೇ ಜೇಡಗಳಲ್ಲೇ ಅತಿ ದೊಡ್ಡ ಕುಟುಂಬ. ಇದರಲ್ಲಿ 6000ಕ್ಕೂ ಹೆಚ್ಚು ಪ್ರಭೇದಗಳಿವೆ. ಬಣ್ಣ ನೋಡಿ ಇಷ್ಟನ್ನೂ ಬೇರ್ಪಡಿಸಲಾಗದು. ಅದಕ್ಕಾಗಿ ವಿಜ್ಞಾನಿಗಳು ಬಾಯಿಯ ಪಕ್ಕದಲ್ಲಿರುವ ಗಿಡ್ಡ ಕಾಲಿನಂಥ ಎರಡು ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೆಳೆದ ಗಂಡಿನಲ್ಲಿ ಇವುಗಳ ತುದಿ ಉಬ್ಬಿರುತ್ತದೆ. ಆ ಉಬ್ಬಿನ ರಚನೆ ಪ್ರತಿ ಪ್ರಭೇದದಲ್ಲೂ ಬೇರೆ.

ಕನ್ನಡ ಹೆಸರಿನ ಜೇಡ

ಪ್ಲೆಕ್ಸಿಪ್ಪಸ್‌ನ ಬಳಗಕ್ಕೆ 2024ರಲ್ಲಿ ಒಂದು ಹೊಸ ಜಾತಿ ಸೇರಿತು. ಅದರ ಹೆಸರು ‘ತೆಂಕಣ’! ತೆಂಕಣ ಎಂದರೆ ದಕ್ಷಿಣದ್ದು. ಈ ಜೇಡಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿವೆ. ನೆಲದ ಮೇಲೆ ಓಡಾಡುತ್ತವೆ. ದೇಹರಚನೆಯ ಜೊತೆಗೆ ಡಿಎನ್ಎ ಹೋಲಿಸಿ, ಇವು ಬೇರೆಯೇ ಜಾತಿ ಎಂದು ವಿಜ್ಞಾನಿಗಳು ತೀರ್ಮಾನಿಸಿದರು. ಕರ್ನಾಟಕದಲ್ಲಿ ಸಿಕ್ಕ ಹೊಸ ಪ್ರಭೇದಕ್ಕೆ ತುಮಕೂರು ಜಿಲ್ಲೆಯ ನದಿಯ ಹೆಸರನ್ನಿಟ್ಟು ‘ತೆಂಕಣ ಜಯಮಂಗಲಿ’ ಎಂದು ಕರೆದರು. ನಮ್ಮ ಕಾಲಬುಡದಲ್ಲೇ ಇದ್ದ ಜೀವಿಗೆ 2024ರವರೆಗೆ ಹೆಸರೇ ಇರಲಿಲ್ಲ ನೋಡಿ!

ಮಾಡಿ ನೋಡಿ

ಬಿಸಿಲು ಬೀಳುವ ಗೋಡೆಯ ಬಳಿ ಹದಿನೈದು ನಿಮಿಷ ಸದ್ದಿಲ್ಲದೆ ನಿಲ್ಲಿ. ಜಿಗಿಯುವ ಜೇಡ ಕಂಡರೆ ಮುಟ್ಟಬೇಡಿ, ಹಿಡಿಯಬೇಡಿ. ಭೂತಕನ್ನಡಿಯಿಂದ ನೋಡಿ, ದಿನಾಂಕ, ಸ್ಥಳ, ಬಣ್ಣ, ಪಟ್ಟೆ, ಅಂದಾಜು ಉದ್ದವನ್ನು ನೋಟ್‌ಬುಕ್ಕಿನಲ್ಲಿ ಬರೆದು ಚಿತ್ರ ಬಿಡಿಸಿ. ಎಷ್ಟು ಬಗೆ ಕಂಡವು ಎಂದು ನಿಮ್ಮ ಶಿಕ್ಷಕರಿಗೆ ತೋರಿಸಿ. ಮುಂದಿನ ಹಬ್ಬಕ್ಕೆ ಕಸಬರಿಗೆ ಎತ್ತುವ ಮೊದಲು ಗೋಡೆಯನ್ನೊಮ್ಮೆ ನೋಡುತ್ತೀರಲ್ಲವೇ?